‘ಸು’ ಎಂಬ ಗುಣ

ಎಂಟನೇ ಕ್ಲಾಸಿನಲ್ಲಿ ನನಗೆ ಕನ್ನಡಕ್ಕೆ ಬಹುಮಾನ ಬಂದಿತ್ತು. ಕೊಂಕಣಿ ಮನೆಮಾತಿನ ಹುಡುಗನೊಬ್ಬ ಶಿರ್ವದ ಕಡೆಯ ಶಾಲೆಯಲ್ಲಿ ಕನ್ನಡದಲ್ಲಿ ಎಲ್ಲರಿಗಿಂತ ಮೊದಲನೆಯವನಾಗುವುದು ಸಣ್ಣ ಮಾತಲ್ಲ. ಸ್ಟೀಲಿನ ಟಿಫಿನ್ ಡಬ್ಬಿ ಕೊಟ್ಟಿದ್ದರು. ಡಬ್ಬಿ ಈಗಲೂ ಮಸ್ಕತ್ ಹತ್ತಿರದ ಬರ್ಕಾದ ನಮ್ಮ ಮನೆಯಲ್ಲಿದೆ, ಮುಚ್ಚಳ ಮಾತ್ರ ಎಲ್ಲೋ ಕಳೆದಿದೆ. ಇದನ್ನು ಮೊದಲೇ ಹೇಳುವುದು ಯಾಕೆಂದರೆ, ಇಲ್ಲಿನ ಒಂದು ಮಾಂಸದ ದನಗಳ ಫಾರ್ಮಿನ ಮೂರು ವರ್ಷದ ತಳಿ ಆಯ್ಕೆ ಅಡ್ಡದಾರಿ ಹಿಡಿದದ್ದು ಆ ಬಹುಮಾನದಿಂದ. ಕನ್ನಡ ಸ್ವಲ್ಪ ಕಡಿಮೆ ಗೊತ್ತಿದ್ದರೆ ನಾನು ಬಾಯಿ ಬಿಟ್ಟು ಕೇಳುತ್ತಿದ್ದೆ.

ನನ್ನ ಹೆಸರು ಪಿಯುಸ್. ಬರ್ಕಾದಿಂದ ಒಳಗೆ ಅರ್ಧ ಗಂಟೆ ಕಾರಿನ ದಾರಿಯಲ್ಲಿರುವ ಫಾರ್ಮಿನಲ್ಲಿ ರೆಕಾರ್ಡ್ಸ್ ಕೋಆರ್ಡಿನೇಟರ್. ಇಸ್ತ್ರಿ ಹಾಕಿದ ಪ್ಯಾಂಟು, ಕುತ್ತಿಗೆಯಲ್ಲಿ ಐಡಿ ಕಾರ್ಡು, ಎಸಿ ಕೋಣೆ. ಹಣೆಯ ಮೇಲೆ ಒಂದು ಹಿಡಿ ಕೂದಲು ಚಿಕ್ಕಂದಿನಿಂದಲೂ ಸುತ್ತಿಕೊಂಡು ನಿಲ್ಲುತ್ತದೆ, ಯಾವ ಎಣ್ಣೆಗೂ ಬಗ್ಗುವುದಿಲ್ಲ. ಅದನ್ನು ಬಿಟ್ಟರೆ ನನ್ನಲ್ಲಿ ಅಸ್ತವ್ಯಸ್ತವಾದದ್ದು ಏನೂ ಇಲ್ಲ ಎಂದು ಬಹಳ ಕಾಲ ನಂಬಿಕೊಂಡಿದ್ದೆ.

ನಮ್ಮ ಅರ್ಬಾಬ್, ಅಂದರೆ ಫಾರ್ಮಿನ ಯಜಮಾನರು, ಬಾತಿನಾ ಕರಾವಳಿಯ ಊರ ಹಸುಗಳಿಗೆ ಹೊರದೇಶದ ಬ್ರಾಹ್ಮನ್ ಹೋರಿಗಳ ತಳಿ ಬೆರೆಸಿ, ಬಿಸಿಲನ್ನೂ ತಡೆಯುವ, ಮಾಂಸವನ್ನೂ ತುಂಬಿಕೊಳ್ಳುವ ದನಗಳನ್ನು ಮಾಡಬೇಕೆಂದು ಹೊರಟವರು. ಮುನ್ನೂರು ತಲೆ. ಪ್ರತಿ ಕರುವನ್ನೂ ಹಾಲು ಬಿಡಿಸುವಾಗ ಒಮ್ಮೆ, ವರ್ಷ ತುಂಬಿದಾಗ ಒಮ್ಮೆ ನಿಲ್ಲಿಸಿ ಮೈಗುಣ ನೋಡುತ್ತೇವೆ. ಸೊಂಟದ ಎತ್ತರ, ಬೆನ್ನಿನ ಉದ್ದ, ಹಿಂಭಾಗದ ಅಗಲ, ತೊಡೆಯ ತುಂಬು, ಕಾಲಿನ ನಿಲುವು, ಎಲ್ಲಕ್ಕೂ ಒಂದರಿಂದ ಒಂಬತ್ತರವರೆಗೆ ಅಂಕ. ಅಂಕ ಕೂಡಿಸಿದ ಮೇಲೆ ಉಳಿಯುವುದು ಎರಡೇ ಮಾತು. ‘ರಿಟೇನ್’ ಅಂದರೆ ತಳಿಗಾಗಿ ಉಳಿಸಿಕೊಳ್ಳುವುದು. ‘ಕಲ್’ ಅಂದರೆ ಲಾರಿ ಹತ್ತಿಸುವುದು.

ಅಂಕ ಹಾಕುವವನು ಬಸಯ್ಯ. ಬಾಗಲಕೋಟೆ ಕಡೆಯವನು, ವಯಸ್ಸು ಐವತ್ತೇಳು, ಹಣೆಗೆ ವಿಭೂತಿ, ತನ್ನ ಅಡುಗೆ ತಾನೇ ಮಾಡಿಕೊಳ್ಳುವವನು. ಮಾಂಸದ ಫಾರ್ಮಿನಲ್ಲಿ ಹನ್ನೊಂದು ವರ್ಷ ಇದ್ದರೂ ಮೊಟ್ಟೆ ಕೂಡ ಮುಟ್ಟಿದವನಲ್ಲ. ದನವನ್ನು ಕಬ್ಬಿಣದ ಕಟಕಟೆಯೊಳಗೆ ಬಿಟ್ಟರೆ ಕಣ್ಣಿನಲ್ಲೇ ನೋಡಿ ಎತ್ತರ ಹೇಳುತ್ತಿದ್ದ. ಟೇಪು ಹಿಡಿದರೆ ಒಂದು ಬೆರಳಿನಷ್ಟೂ ಹೆಚ್ಚುಕಡಿಮೆ ಆಗುತ್ತಿರಲಿಲ್ಲ. ಅವನು ತುಂಬಿದ ಶೀಟುಗಳನ್ನು ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ, ಯಾಕೆಂದರೆ ಆಗ ಆಫೀಸಿನಲ್ಲಿ ಕನ್ನಡ ಓದಬಲ್ಲವನು ನಾನೊಬ್ಬನೇ.

ಮೂರು ವರ್ಷದ ಹಿಂದೆ ಬಂದ ಹೊಸ ಶೀಟಿನಲ್ಲಿ ಕೊನೆಗೆ ಷರಾ ಬರೆಯಲು ಒಂದು ಖಾಲಿ ಕಾಲಂ ಇತ್ತು. ಮೊದಲ ದಿನ ನಲವತ್ತೊಂದು ಕರುಗಳಲ್ಲಿ ಒಂಬತ್ತರ ಮುಂದೆ ಬಸಯ್ಯ ಆ ಕಾಲಮಿನಲ್ಲಿ ‘ಸು’ ಎಂದು ಬರೆದಿದ್ದ. ಬರೀ ‘ಸು’. ನನ್ನ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ಎದ್ದು ಹೋಗಿ ಇದೇನು ಎಂದು ಕೇಳುತ್ತಿದ್ದರು. ನಾನು ಬಹುಮಾನ ಪಡೆದವನು. ಸುದಿನ, ಸುಗಂಧ, ಸುಪುತ್ರ. ‘ಸು’ ಎಂದರೆ ಒಳ್ಳೆಯದು. ದನದ ಮೈಯ ಲಕ್ಷಣ ನೋಡುವವನು ‘ಸು’ ಎಂದು ಬರೆದರೆ ಅದು ಸುಲಕ್ಷಣ ಅಲ್ಲದೆ ಮತ್ತೇನು? ಕಷ್ಟಪಟ್ಟು ಇಂಗ್ಲಿಷ್ ಫಾರ್ಮು ತುಂಬುವ ಈ ಮನುಷ್ಯ ಸಂಸ್ಕೃತ ಉಪಸರ್ಗ ಬಳಸಿದ್ದಾನಲ್ಲ ಎಂದು ಒಳಗೊಳಗೇ ಮೆಚ್ಚಿಕೊಂಡೆ. ಕಂಪ್ಯೂಟರಿನಲ್ಲಿ ‘ಎಸ್‌ಯು’ ಎಂದು ಹೊಸ ಕಾಲಂ ಮಾಡಿ, ಅದಿದ್ದ ದನಕ್ಕೆ ಐದು ಅಂಕ ಹೆಚ್ಚು ಕೊಟ್ಟೆ. ಐದು ಅಂಕದಲ್ಲಿ ದನದ ಜೀವ ಉಳಿಯುತ್ತದೆ. ಹೀಗೆ ಮೂರು ವರ್ಷ ‘ಸು’ ದನಗಳು ಉಳಿದವು, ಮಿಕ್ಕವು ಹೋದವು. ಅವುಗಳಲ್ಲಿ 214ನೇ ನಂಬರಿನ ಹೋರಿಯಂತೂ ತಳಿಯ ಮುಖ್ಯ ತಂದೆಯಾಗಿ, ಅದರ ಕರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ‘ಸು’ ಆಗಿಯೇ ಹುಟ್ಟಿದವು.

ಈ ವರ್ಷ ಜನವರಿಯಲ್ಲಿ ಡಾಕ್ಟರ್ ಸಚ್ಚಿದಾನಂದ ಬಂದರು. ಧಾರವಾಡದವರು, ಆಸ್ಟ್ರೇಲಿಯಾದಲ್ಲಿ ತಳಿಶಾಸ್ತ್ರ ಓದಿದವರು. ಯಾರು ಬೇಕು, ಯಾರು ಬೇಡ ಎಂದು ನಿರ್ಧರಿಸುವ ಅಧಿಕಾರವನ್ನು ಅರ್ಬಾಬ್ ಅವರಿಗೇ ಕೊಟ್ಟಿದ್ದರು. ಬಸಯ್ಯನ ವೀಸಾ ಜೂನ್ ಕೊನೆಗೆ ಮುಗಿಯುವುದಿತ್ತು. ಡಾಕ್ಟರು ಬರೆದುಕೊಟ್ಟರೆ ಇನ್ನೆರಡು ವರ್ಷ, ಇಲ್ಲದಿದ್ದರೆ ಖಲಾಸ್.

“ಎರಡ ವರ್ಷ ಸಿಕ್ಕರ ಸಾಕ್ರಿ ಸಾಹೇಬ್ರ,” ಎಂದು ಬಸಯ್ಯ ನನ್ನ ಬಳಿ ಹೇಳಿದ್ದ. “ನಮ್ಮ ಶುಭಾ ಬೀದರದಾಗ ದನದ ಡಾಕ್ಟರಕಿ ಓದಾಕತ್ತಾಳ. ಎರಡ ವರ್ಷ ಐತಿ. ಅಕಿ ಕೈಯಾಗ ಸೂಜಿ ಹಿಡಿದ್ಲಂದ್ರ ನಾ ಕೈ ಬಿಡ್ತೀನಿ.”

ನಾನು ಮಾತಾಡುತ್ತೇನೆ ಎಂದು ಭರವಸೆ ಕೊಟ್ಟಿದ್ದೆ. ಭರವಸೆ ಕೊಡುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವನಲ್ಲ.

ಏಪ್ರಿಲ್‌ನಲ್ಲಿ ಡಾಕ್ಟರು ನನ್ನನ್ನು ಕರೆದು ಪರದೆ ತೋರಿಸಿದರು. “ಪಿಯುಸ್ ಅವರೇ, ಈ ಎಸ್‌ಯು ಅಂದ್ರ ಏನ್ರಿ? ನಾನು ಸ್ಟ್ರಕ್ಚರಲ್ ಯೂನಿಫಾರ್ಮಿಟಿ ಇರಬೇಕು ಅಂತ ತಿಳ್ಕೊಂಡಿದ್ದೆ. ಆದ್ರ ಅಂಥಾ ಟ್ರೇಟ್ ಯಾವ ಪುಸ್ತಕದಾಗೂ ಇಲ್ಲ.”

“ಯಾಕೆ ಸರ್, ಏನಾದರೂ ತಪ್ಪುಂಟಾ?”

“ತಪ್ಪೇನ್ರಿ. ಇಡೀ ಡೇಟಾದಾಗ ಇದೊಂದ ಸರಿ ಅದ.”

ವರ್ಷದ ವಯಸ್ಸಿಗೆ ‘ಎಸ್‌ಯು’ ದನಗಳು ಉಳಿದವುಗಳಿಗಿಂತ ಸರಾಸರಿ ಮೂವತ್ತೊಂದು ಕಿಲೋ ಹೆಚ್ಚು ತೂಗುತ್ತಿದ್ದವು. ಅವುಗಳ ಕರುಗಳಲ್ಲಿ ‘ಎಸ್‌ಯು’ ಇದ್ದವೂ ಹಾಗೆಯೇ. ಅದೇ ಮೇವು, ಅದೇ ನೀರು, ಅದೇ ತಳಿ. ಸೊಂಟದ ಎತ್ತರ, ತೊಡೆಯ ತುಂಬು ಯಾವುದೂ ಇಷ್ಟು ಖಡಾಖಂಡಿತವಾಗಿ ತೂಕವನ್ನು ಮುಂಚಿತವಾಗಿ ಹೇಳುತ್ತಿರಲಿಲ್ಲ. ಡಾಕ್ಟರ ಕನ್ನಡಕದ ಹಿಂದೆ ಕಣ್ಣು ಹೊಳೆಯುತ್ತಿತ್ತು.

“ಆ ಬಸಯ್ಯನ ಕಣ್ಣಿಗೆ ಏನೋ ಕಾಣಸ್ತದ. ನಾ ಕೇಳಿದ್ರ ‘ಹೌದ್ರಿ ಡಾಕ್ಟರ್ ಸಾಹೇಬ್ರ’ ಅನ್ನೋದು ಬಿಟ್ಟು ಬ್ಯಾರೆ ಮಾತಿಲ್ಲ. ನಾ ನಾಳೆ ನಿಜ್ವಾಕ್ಕ ಹೋಗಿ ಗುರುವಾರ ಬರ್ತೀನಿ. ಅಷ್ಟರಾಗ ನೀವ ಕೇಳಿ ಹೇಳ್ರಿ. ಇದು ಖರೆ ಆದ್ರ ಆ ಮನುಷ್ಯಾನ್ನ ಬಿಡೋ ಪ್ರಶ್ನೇನೇ ಇಲ್ಲ.”

ನನಗೆ ಕೇಳುವ ಅಗತ್ಯವೇ ಇರಲಿಲ್ಲ. ಸುಲಕ್ಷಣ ಎಂದು ಅಲ್ಲೇ ಹೇಳಬಹುದಿತ್ತು. ಆದರೆ ಬಸಯ್ಯನಿಗೆ ಶುಭವಾರ್ತೆಯನ್ನು ನಾನೇ ಮುಟ್ಟಿಸಬೇಕೆಂಬ ಆಸೆಯಿಂದ ಸಂಜೆ ನಾಲ್ಕು ಗಂಟೆಗೆ ದನಗಳ ಕಡೆ ಹೋದೆ. ಶೂ ಧೂಳಾಗುತ್ತದೆಂದು ನಾನು ಆ ಕಡೆ ಹೋಗುವುದು ಅಪರೂಪ.

ಬಸಯ್ಯ ದೊಡ್ಡ ಕೊಟ್ಟಿಗೆಯಿಂದ ಒಂದಷ್ಟು ದನಗಳನ್ನು ಬೇರೆ ಮಾಡಿ ಗಾಫ್ ಮರದ ನೆರಳಿನ ಸಣ್ಣ ಬೇಲಿಯೊಳಗೆ ಬಿಟ್ಟುಕೊಂಡಿದ್ದ. ಪಕ್ಕದಲ್ಲಿ ಏನೋ ಕಪ್ಪಗೆ ಅಂಟಂಟಾಗಿದ್ದದ್ದು ತುಂಬಿದ ಕೈಗಾಡಿ. ಪೈಪಿನಿಂದ 214ರ ಬೆನ್ನಿಗೆ ನೀರು ಬಿಡುತ್ತಿದ್ದ.

“ಬಸಯ್ಯನವ್ರೇ, ಒಂದು ಒಳ್ಳೆ ಸುದ್ದಿ ಉಂಟು. ನೀವು ಶೀಟಿನಲ್ಲಿ ‘ಸು’ ಅಂತ ಬರೀತೀರಲ್ಲ, ಅದು ಡಾಕ್ಟರಿಗೆ ಭಾರಿ ಇಷ್ಟ ಆಗಿದೆ. ಸುಲಕ್ಷಣ ಅಂತ ಅಲ್ವಾ ಅದು?”

ಅವನು ಪೈಪು ಕೆಳಗಿಟ್ಟ. “ಸುಳಿರೀ.”

“ಎಂತ ಸುಳಿ?”

ನಮ್ಮ ಕಡೆ ಸುಳಿ ಅಂದರೆ ಎರಡೇ. ಒಂದು ಮಳೆಗಾಲದ ಕಡಲಿನಲ್ಲಿ ಏಳುವುದು, ಇನ್ನೊಂದು ತೆಂಗಿನ ಮರದ ತುದಿಯಲ್ಲಿ ಕುರುವಾಯಿ ಹುಳ ತಿಂದು ಹಾಕುವುದು. ಎರಡಕ್ಕೂ ದನದ ಮೈಮೇಲೆ ಜಾಗವಿಲ್ಲ. ಬಸಯ್ಯ ಏನೂ ಹೇಳದೆ 214ರ ಹಣೆಯನ್ನು ಅಂಗೈಯಲ್ಲಿ ಒರೆಸಿ ತೋರಿಸಿದ. ಎರಡು ಕಣ್ಣಿನ ನಡುವೆ ಒದ್ದೆ ಕೂದಲು ಚಕ್ರದಂತೆ ಸುತ್ತಿಕೊಂಡಿತ್ತು.

“ಎಡಕ್ಕ ತಿರುಗೇತಿ ನೋಡ್ರಿ. ಇಂಥಾ ಸುಳಿ ಇದ್ದದ್ದನ್ನ ನಮ್ಮೂರಾಗ ಪುಕ್ಕಟೆ ಕೊಟ್ರೂ ಯಾರೂ ಹೊಡಕೊಂಡು ಹೋಗಂಗಿಲ್ಲ. ಯಜಮಾನಗ ಕೇಡು ಅಂತಾರ. ಅದಕ್ಕ ‘ಸು’ ಅಂತ ಬರದ ತಿಳಿಸಿದೆ. ಲಾರ್ಯಾಗ ತಗೊಂಡು ಹೋಗಲಿ ಅಂತ.”

“ಹಾಗಾದರೆ ಒಳ್ಳೆ ಸುಳಿ ಇದ್ದದ್ದಕ್ಕೆ ಎಂತ ಬರೀತೀರಿ?”

“ಏನೂ ಬರಿಯಂಗಿಲ್ರಿ. ಚಲೋ ಇದ್ದದ್ದಕ್ಕ ಏನಂತ ಬರೀಬೇಕು?”

“ಮೂರು ವರ್ಷದಿಂದ ಇವುಗಳನ್ನೇ ಇಟ್ಟುಕೊಂಡು ಉಳಿದದ್ದನ್ನು ಲಾರಿಗೆ ಹಾಕ್ತಾ ಇದ್ದೇವಲ್ಲ ಮಾರಾಯ್ರೇ. ನಿಮಗೆ ಕೇಳಬೇಕು ಅಂತ ಅನಿಸಲಿಲ್ವಾ?”

“ಅನಿಸ್ತ್ರಿ. ಮೊದಲ ವರ್ಷ ಎಂಥೆಂಥಾ ಹೋರಿ ಲಾರಿ ಹತ್ತಿದ್ದು ನೋಡಿ ಎರಡ ದಿನ ಊಟ ಸೇರಲಿಲ್ಲ. ಆಮ್ಯಾಲೆ ವಿಚಾರ ಮಾಡಿದೆ. ಈ ಅರಬ ಮಂದಿ ಬಲದಿಂದ ಎಡಕ್ಕ ಬರೀತಾರ. ಎಡಕ್ಕ ತಿರುಗಿದ್ದ ಇವರಿಗೆ ಚಲೋ ಇರಬೇಕು, ಸಾಹೇಬ್ರು ಓದಿದವರು, ಕೇಳೇ ಮಾಡಿರ್ತಾರ ಅಂತ ಸುಮ್ಮನಾದೆ.”

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಕೇಳದೆ ಮಾಡಿದವನು ನಾನು, ಕೇಳಿಯೇ ಮಾಡಿದ್ದೇನೆಂದು ನಂಬಿದವನು ಅವನು. ಇಬ್ಬರ ನಡುವೆ ಕನ್ನಡವೊಂದಿತ್ತು, ಅದನ್ನು ಯಾರೂ ಬಳಸಿರಲಿಲ್ಲ.

“ಸರಿ, ಈ ಕೈಗಾಡಿಯಲ್ಲಿ ಎಂತದು?” ಎಂದೆ, ಮಾತು ಬದಲಿಸಲು.

ಬಸಯ್ಯ ಮೊದಲ ಸಲ ನನ್ನ ಕಣ್ಣು ತಪ್ಪಿಸಿದ. ಅಳತೆಯ ಮೇವಿನ ಹೊರತು ಬೇರೇನನ್ನೂ ಹಾಕಬಾರದೆಂದು ಫಾರ್ಮಿನ ನಿಯಮ. “ಖರ್ಜೂರ್ರಿ. ಅರ್ಬಾಬರ ತ್ವಾಟದಾಗ ಉದುರಿ ಹಾಳಾಗಿ ಹೋಗೋವು. ಸುಗ್ಗ್ಯಾಗ ಆರಿಸಿ ವರ್ಷಕ್ಕಾಗುವಷ್ಟು ಕೂಡಿಟ್ಟಿರ್ತೀನಿ.”

“ಎಲ್ಲ ದನಗಳಿಗಾ?”

“ಇಲ್ರಿ. ಸುಳಿ ಇದ್ದವಕ್ಕ ಅಷ್ಟ. ಒಂದಕ್ಕ ಎರಡ ಬೊಗಸಿ. ಬ್ಯಾಸಗ್ಯಾಗ ಮೈಗೆ ನೀರು. ಏನಾತಂದ್ರ ಸಾಹೇಬ್ರ, ‘ಸು’ ಅಂತ ಬರದವ ನಾನ. ಬರದ ಕೂಡಲೆ ಇವು ಹೋಗೋವು ಅಂತ ತಿಳ್ಕೊಂಡೆ. ಆ ಪಾಪ ನನ್ನ ಕೈಗೆ ಬಂತಲ್ಲಾ ಅಂತ, ಹೋಗೋತನಕ ನಾಕ ದಿನ ಚಂದ ತಿನ್ಲಿ ಅಂತ ಹಾಕಿದೆ. ಅವು ಹೋಗಲೇ ಇಲ್ಲ.”

“ಆಮೇಲೆ ನಿಲ್ಲಿಸಬಹುದಿತ್ತಲ್ಲ?”

“ಹೆಂಗ ನಿಲ್ಲಸೋದ್ರಿ. ನಾಕ ಗಂಟೆ ಆತಂದ್ರ ಕುತ್ತಿಗಿ ಚಾಚತಾವ.”

214 ಆಗಲೇ ಕುತ್ತಿಗೆ ಚಾಚಿತ್ತು. ಬಸಯ್ಯ ಎರಡು ಬೊಗಸೆ ಹಾಕಿದ. ಡಾಕ್ಟರ ಮೂವತ್ತೊಂದು ಕಿಲೋ ನನ್ನ ಕಣ್ಣೆದುರೇ ಹೋರಿಯ ಬಾಯಿಯೊಳಗೆ ಹೋಗುತ್ತಿತ್ತು. ಗುಣ ರಕ್ತದಲ್ಲಿ ಇರಲಿಲ್ಲ, ಕೈಗಾಡಿಯಲ್ಲಿತ್ತು.

ಮನೆಗೆ ಹೋಗಿ ಹೆಂಡತಿ ರೋಸಲಿಂಡ್‌ಗೆ ಎಲ್ಲ ಹೇಳಿದೆ. ಅವಳು ಕ್ಲಿನಿಕ್ ಒಂದರಲ್ಲಿ ರಿಸೆಪ್ಷನಿಸ್ಟ್, ದಿನಕ್ಕೆ ನೂರು ಜನರ ಸುಳ್ಳು ಕೇಳಿಸಿಕೊಳ್ಳುವವಳು. ಮೀನು ಹುರಿಯುತ್ತಲೇ ತೀರ್ಪು ಕೊಟ್ಟಳು. ಮನೆಯಲ್ಲಿ ನಾವು ಮಾತಾಡುವುದು ಕೊಂಕಣಿ, ಕನ್ನಡದಲ್ಲಿ ಹೇಳುವುದಾದರೆ ಹೀಗೆ.

“ನಾನು ಕೇಳಲಿಲ್ಲ, ತಪ್ಪಾಯ್ತು ಅಂತ ಡಾಕ್ಟರಿಗೆ ಹೇಳಿ. ಒಂದು ಸೆಂಟೆನ್ಸ್.”

“ಅಷ್ಟು ಸುಲಭ ಅಲ್ಲ. ನಿಯಮ ಬಿಟ್ಟು ಖರ್ಜೂರ ಹಾಕಿದ್ದು ಗೊತ್ತಾದರೆ ಬಸಯ್ಯನ ಕೆಲಸ ಅವತ್ತೇ ಹೋಗ್ತದೆ. ಸುಮ್ಮನಿದ್ದರೆ ವೀಸಾ ಸಿಗ್ತದೆ. ನಾನು ಅವನಿಗಾಗಿಯೇ ಯೋಚನೆ ಮಾಡುವುದು.”

“ಹೌದಾ? ಬಸಯ್ಯನ ಚಿಂತೆಯಾ, ಟಿಫಿನ್ ಡಬ್ಬಿಯ ಚಿಂತೆಯಾ?”

ಮದುವೆಯಾಗಿ ಇಪ್ಪತ್ತೆರಡು ವರ್ಷವಾದ ಮೇಲೆ ಇಂಥ ಪ್ರಶ್ನೆಗಳಿಗೆ ಮೀನಿನಲ್ಲಿ ಉಪ್ಪು ಕಡಿಮೆ ಎಂದು ಹೇಳುವುದೇ ಕ್ಷೇಮ.

ಗುರುವಾರ ಡಾಕ್ಟರಿಗೆ ಅರ್ಧ ಸತ್ಯ ಹೇಳಿದೆ. ‘ಸು’ ಅಂದರೆ ಸುಳಿ, ಹಣೆಯ ಮೇಲೆ ಎಡಕ್ಕೆ ತಿರುಗಿದ ಕೂದಲು. ಯಾವ ಅರ್ಧ ಬಿಟ್ಟೆನೆಂದು ಬೇರೆ ಹೇಳಬೇಕಿಲ್ಲ. ಡಾಕ್ಟರು ಕುರ್ಚಿಯಿಂದ ಎದ್ದು ನಿಂತರು.

“ಸುಳಿ! ಅಲ್ಲ ಪಿಯುಸ್ ಅವರೇ, ನಮ್ಮ ಅಜ್ಜಾರು ಎತ್ತು ತರೋಕ ಹೋದ್ರ ಮೊದಲ ಸುಳಿ ನೋಡ್ತಿದ್ರು. ನಾವು ನಗ್ತಿದ್ವಿ. ಆಸ್ಟ್ರೇಲಿಯಾಕ್ಕ ಹೋಗಿ ಕಲತು ಬಂದೆ, ಮನಿಯೊಳಗ ಇದ್ದದ್ದು ಕಾಣಲಿಲ್ಲ ನೋಡ್ರಿ. ಇದು ಪೂರ್ವಜರ ಜ್ಞಾನ.”

ಪೂರ್ವಜರು ಇದೇ ದನವನ್ನು ಊರಾಚೆ ಅಟ್ಟುತ್ತಿದ್ದರು ಎಂದು ಹೇಳಲು ಅದು ಸರಿಯಾದ ಸಮಯವಾಗಿತ್ತು. ನಾನು ‘ಹೌದು ಸರ್’ ಎಂದೆ. ಅವರ ಅಜ್ಜ ಬದುಕಿದ್ದರೆ ಒಂದೇ ಮಾತಿನಲ್ಲಿ ನನ್ನ ಬಣ್ಣ ಬಯಲಾಗುತ್ತಿತ್ತು.

ಮೇ ತಿಂಗಳಲ್ಲಿ ಅರ್ಬಾಬರ ಅತಿಥಿ ಚಾವಡಿಯಾದ ಮಜ್ಲಿಸ್‌ನಲ್ಲಿ ಸಭೆ. ಗೋಡೆಯ ಮೇಲೆ 214ರ ಹಣೆ ಆರು ಅಡಿ ಅಗಲಕ್ಕೆ ಮೂಡಿತ್ತು. ಎಲ್ಲರ ಮುಂದೆ ಕಹ್ವಾ ಕಾಫಿ, ಹಲ್ವಾ. ಬಸಯ್ಯನಿಗೆ ಒಗೆದ ಬಿಳಿ ಅಂಗಿ ತೊಡಿಸಿ ಅರ್ಬಾಬರ ಪಕ್ಕದಲ್ಲೇ ಕೂರಿಸಿದ್ದರು. ಡಾಕ್ಟರು ಕರ್ನಾಟಕದ ರೈತರ ಸಾವಿರ ವರ್ಷದ ಅನುಭವದ ಬಗ್ಗೆ ಇಂಗ್ಲಿಷಿನಲ್ಲಿ ಅರ್ಧ ಗಂಟೆ ಮಾತಾಡಿದರು. ಅರ್ಬಾಬ್ ಸಂತೋಷದಿಂದ ಬಸಯ್ಯನ ಬೆನ್ನು ತಟ್ಟಿ, ಈ ಹೋರಿ ಇಷ್ಟು ಚೆನ್ನಾಗಿರುವುದು ಹೇಗೆ ಎಂದು ಹಿಂದಿಯಲ್ಲಿ ಕೇಳಿದರು.

“ಬಸಯ್ಯ, ತುಮ್ ಬೋಲೋ. ಯೇ ಇತನಾ ಅಚ್ಛಾ ಕೈಸೇ?”

ಬಸಯ್ಯ ನನ್ನ ಕಡೆ ನೋಡಿದ. ಹೇಳಲೇ ಎಂದು ಕೇಳುವ ನೋಟ. ನಾನು ಹಲ್ವಾದ ತಟ್ಟೆಯನ್ನು ಬಹಳ ಶ್ರದ್ಧೆಯಿಂದ ನೋಡಿದೆ.

“ಅರ್ಬಾಬ್,” ಎಂದ ಅವನು, “ಅಚ್ಛಾ ಖಾತಾ ಹೈ, ಇಸ್ಲಿಯೇ.”

ಚೆನ್ನಾಗಿ ತಿನ್ನುತ್ತದೆ, ಅದಕ್ಕೆ. ಮಜ್ಲಿಸ್ ಪೂರ್ತಿ ನಕ್ಕಿತು. ಎಷ್ಟು ವಿನಯ ನೋಡಿ ಎಂದು ಡಾಕ್ಟರು ಅರ್ಬಾಬರಿಗೆ ವಿವರಿಸಿದರು. ಮೂರು ವರ್ಷದಲ್ಲಿ ಆ ಹೋರಿಯ ಬಗ್ಗೆ ಯಾರಾದರೂ ಆಡಿದ ಒಂದೇ ಒಂದು ನಿಜವಾದ ಮಾತು ಹಾಗೆ ನಗುವಿನಲ್ಲಿ ಮುಗಿದುಹೋಯಿತು. ಬಸಯ್ಯನಿಗೆ ಒಂದು ಡಬ್ಬಿ ಹಲ್ವಾ ಮತ್ತು ಒಂದು ಶಾಲು ಸಿಕ್ಕಿತು. ಆವತ್ತು ಅವನು ಮಗಳಿಗೆ ಫೋನು ಮಾಡಿ, ಕೆಲಸ ಗಟ್ಟಿ ಆತು ಎಂದು ಹೇಳಿದನಂತೆ.

ಎರಡು ವಾರಕ್ಕೆ ಕ್ಯಾಮೆರಾ ಬಂತು. ದನ ಕಟಕಟೆಯ ದಾರಿಯಲ್ಲಿ ನಡೆದು ಬಂದರೆ ಸಾಕು, ತಾನಾಗಿ ಹಣೆಯ ಚಿತ್ರ ತೆಗೆದು, ಸುಳಿ ಯಾವ ಕಡೆ ತಿರುಗಿದೆ ಎಂದು ನೋಡಿ, ಪರದೆಯ ಮೇಲೆ ‘ರಿಟೇನ್’ ಅಥವಾ ‘ಕಲ್’ ಎಂದು ಹೇಳಿಬಿಡುತ್ತದೆ. ಎತ್ತರ, ಉದ್ದ, ಅಗಲವನ್ನೂ ಅದೇ ಅಳೆಯುತ್ತದೆ. ಅದಕ್ಕೆ ಕಲಿಸುವುದಕ್ಕಾಗಿ ಬಸಯ್ಯ ಹತ್ತು ದಿನ ಒಂದೊಂದೇ ದನವನ್ನು ನಿಲ್ಲಿಸಿ, ಇದು ಎಡ, ಇದು ಬಲ ಎಂದು ತಾಳ್ಮೆಯಿಂದ ಹೇಳಿಕೊಟ್ಟ. ಹನ್ನೊಂದನೇ ದಿನ ಕ್ಯಾಮೆರಾ ಒಂದೂ ತಪ್ಪು ಮಾಡಲಿಲ್ಲ.

“ಅವರ ಜ್ಞಾನ ಈಗ ಸಿಸ್ಟಮ್‌ನೊಳಗ ಅದ,” ಎಂದರು ಡಾಕ್ಟರು. “ಇನ್ನ ಎರಡ ವರ್ಷದ ವೀಸಾಕ್ಕ ನಾ ಏನಂತ ಕಾರಣ ಬರೀಲಿ? ಭಾಳ ದೊಡ್ಡ ಮನುಷ್ಯಾ. ಒಂದು ಸರ್ಟಿಫಿಕೇಟ್ ತಯಾರ ಮಾಡ್ರಿ.”

ಆಗ ನಾನು ಬಾಯಿ ತೆರೆದೆ. ದೇವರಾಣೆಗೂ ತೆರೆದೆ. ಸುಳಿಯಲ್ಲಿ ಏನೂ ಇಲ್ಲ, ಎಲ್ಲ ಆ ಮನುಷ್ಯನ ಕೈಯಲ್ಲಿದೆ, ಅವನನ್ನು ಕಳಿಸಬೇಡಿ ಎಂದು ಹೇಳುವುದಕ್ಕೆ ಮಾತು ನಾಲಿಗೆಯವರೆಗೆ ಬಂದಿತ್ತು. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತಿತ್ತಲ್ಲ: ಹಾಗಾದರೆ ಮೂರು ವರ್ಷ ಈ ಕಾಲಮಿಗೆ ಐದು ಅಂಕ ಕೊಟ್ಟವರು ಯಾರು?

“ಸರ್, ಪ್ರಿಂಟರಿನ ಕಲರ್ ಇಂಕು ಮುಗಿದಿದೆ,” ಎಂದೆ.

ಸರ್ಟಿಫಿಕೇಟ್ ಕಪ್ಪುಬಿಳುಪಿನಲ್ಲೇ ಆಯಿತು.

ಜೂನ್ ಇಪ್ಪತ್ತೆಂಟಕ್ಕೆ ನಾನೇ ಬಸಯ್ಯನನ್ನು ಮಸ್ಕತ್ ಏರ್‌ಪೋರ್ಟಿಗೆ ಬಿಟ್ಟುಬಂದೆ. ದಾರಿಯುದ್ದಕ್ಕೂ ಅವನು ಒಂದು ಬಿರುಸಿನ ಮಾತು ಆಡಿದ್ದರೂ ನನಗೆ ಸಮಾಧಾನವಾಗುತ್ತಿತ್ತು. ಆಡಲಿಲ್ಲ.

“ಶುಭಾನ ಓದು?” ಎಂದು ನಾನೇ ಕೇಳಿದೆ.

“ನೋಡೋಣ್ರಿ. ಸಂತಿಯೊಳಗ ದನ ನೋಡಿಕೊಡಾಕ ನಾಕ ಮಂದಿ ಕರೀತಾರ. ಅಕಿ ಒಂದು ವರ್ಷ ಬಿಟ್ಟು ಓದ್ತೀನಿ ಅಂದ್ಲು. ಬ್ಯಾಡ ಅಂದೀನಿ.” ಕಾರಿನಿಂದ ಇಳಿದು ಪೆಟ್ಟಿಗೆ ತೆಗೆದುಕೊಂಡ ಮೇಲೆ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಕಣ್ಣನ್ನಲ್ಲ, ಅದಕ್ಕಿಂತ ಸ್ವಲ್ಪ ಮೇಲೆ. “ಒಂದ ಮಾತು ಭಾಳ ದಿನದಿಂದ ಹೇಳಬೇಕಂತಿದ್ದೆ ಸಾಹೇಬ್ರ. ಬ್ಯಾಡ, ಬಿಡ್ರಿ.”

ಏನೆಂದು ನಾನು ಕೇಳಲಿಲ್ಲ. ಕೇಳುವ ಅಭ್ಯಾಸ ನನಗೆ ಎಂದೂ ಇರಲಿಲ್ಲ.

ಆಗಸ್ಟ್ ತೂಕದಲ್ಲಿ ‘ಎಸ್‌ಯು’ ದನಗಳು ಹದಿನಾಲ್ಕು ಕಿಲೋ ಇಳಿದಿದ್ದವು. ಡಾಕ್ಟರು ಮೊದಲು ಬಿಸಿಲು ಎಂದರು, ಆಮೇಲೆ ತಕ್ಕಡಿ ಎಂದರು, ಆಮೇಲೆ ಗುಣ ಮತ್ತು ಪರಿಸರದ ನಡುವಿನ ಸಂಬಂಧ ಎಂದು ಏನೋ ಇಂಗ್ಲಿಷಿನಲ್ಲಿ ಹೇಳಿಕೊಂಡರು. ಕೊನೆಗೆ ನನ್ನ ಮೇಜಿನ ಬಳಿ ಬಂದರು.

“ಹಳೇ ಶೀಟು ಎಲ್ಲಾ ತೆಗೆದಿಡ್ರಿ ಪಿಯುಸ್ ಅವರೇ. ಬಸಯ್ಯ ಬರದದ್ದು ಏನು, ಎಂಟ್ರಿ ಆದದ್ದು ಏನು, ಒಂದೊಂದ ಕೂಡಿಸಿ ನೋಡೋಣು. ಮುಂದಿನ ತೂಕ ಹಿಂಗ ಬಂದ್ರ ಬಸಯ್ಯಗೂ ಒಂದು ಫೋನ್ ಹಚ್ಚೋಣು.”

ಅವತ್ತು ನಾಲ್ಕು ಗಂಟೆಗೆ ನಾನು ಪ್ಯಾಂಟು ಮಡಚಿಕೊಂಡು ಅರ್ಬಾಬರ ತೋಟಕ್ಕೆ ಹೋಗಿ ಉದುರಿದ ಖರ್ಜೂರ ಆರಿಸಿದೆ. ಡಾಕ್ಟರು ಮೂರೂವರೆಗೆ ಮನೆಗೆ ಹೋಗುತ್ತಾರೆ. ಕೈಗಾಡಿ ಗಾಫ್ ಮರದ ಕೆಳಗೇ ಇತ್ತು. ಮೊದಲ ದಿನ ದನಗಳು ನನ್ನನ್ನು ನಂಬಲಿಲ್ಲ. 214 ಮಾತ್ರ ದೂರದಿಂದ ನನ್ನ ಇಸ್ತ್ರಿಯ ಅಂಗಿಯನ್ನು ನೋಡಿ ಮೂಗು ಅರಳಿಸಿ, ಆಮೇಲೆ ಏನು ಮಾಡುವುದು ಎಂಬಂತೆ ಕುತ್ತಿಗೆ ಚಾಚಿತು. ಒಂದಕ್ಕೆ ಎರಡು ಬೊಗಸೆ, ಅರವತ್ತು ದನ. ಮುಗಿಸುವಾಗ ಸೊಂಟ ನೆಟ್ಟಗಾಗಲಿಲ್ಲ. ಐವತ್ತೇಳು ವರ್ಷದ ಮನುಷ್ಯ ದಿನವೂ ಇದನ್ನು ಮಾಡುತ್ತಿದ್ದ, ಅದೂ ಯಾರಿಗೂ ತೋರಿಸದೆ.

ಅಕ್ಟೋಬರಿನಲ್ಲಿ ತೂಕ ಮತ್ತೆ ಏರಿತು. ಡಾಕ್ಟರು ಶೀಟಿನ ವಿಚಾರ ಮರೆತರು, ಕ್ಯಾಮೆರಾವನ್ನು ಹೊಗಳಿದರು. ಅರ್ಬಾಬ್ ಎರಡನೇ ಕ್ಯಾಮೆರಾಕ್ಕೆ ಹೇಳಿದರು. ನಾನು ನಿಲ್ಲಿಸುವ ಹಾಗಿರಲಿಲ್ಲ. ರೋಸಲಿಂಡ್ ನನ್ನ ಅಂಗಿ ಮೂಸಿ ನೋಡಿ, ಈ ವಯಸ್ಸಿನಲ್ಲಿ ಬೇರೆ ಗಂಡಸರ ಮೈಯಿಂದ ಸೆಂಟಿನ ವಾಸನೆ ಬರುತ್ತದೆ, ನಿಮ್ಮದು ನೋಡಿ ಎಂದಳು. ಆಮೇಲೆ ನಗು ನಿಲ್ಲಿಸಿ, “ಇನ್ನೂ ಒಂದು ಸೆಂಟೆನ್ಸೇ,” ಎಂದಳು. ಶುಭಾ ಒಂದು ವರ್ಷ ಓದು ಬಿಟ್ಟು ಊರಿಗೆ ಬಂದಿದ್ದಾಳೆಂದು ನನಗೆ ಗೊತ್ತಾದದ್ದು ಅದೇ ವಾರ. ಬಸಯ್ಯನೇ ಫೋನಿನಲ್ಲಿ ಹೇಳಿದ, ದೂರುವಂತೆ ಅಲ್ಲ, ಸುದ್ದಿ ಹೇಳುವಂತೆ. ಆಮೇಲೆ 214 ಹೇಗಿದೆ ಎಂದು ಕೇಳಿದ. ನನಗೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು, ಆದರೂ ಬೆಳಿಗ್ಗೆ ಆಫೀಸಿಗೆ ಹೋಗಿ ನಾನು ಯಾರಿಗೂ ಏನೂ ಹೇಳಲಿಲ್ಲ.

ಹೋದ ವಾರದ ಮಾತು. ಕೈಗಾಡಿ ಭಾರವಾಗಿತ್ತು. ಸುತ್ತು ಬಳಸುವುದು ಬೇಡವೆಂದು ಕಟಕಟೆಯ ದಾರಿಯಲ್ಲೇ ನೂಕಿಕೊಂಡು ಹೋದೆ. ದಾರಿ ಇಳಿಜಾರು, ತಲೆ ತಗ್ಗಿಸಿ ಗಾಡಿಯನ್ನು ತಡೆಯುತ್ತಾ ಹೋಗಬೇಕು. ಎಲ್ಲಿಂದಲೋ ಟಿಕ್ ಎಂದಿತು. ತಲೆಯೆತ್ತಿ ನೋಡಿದರೆ ಪರದೆಯ ಮೇಲೆ ನನ್ನ ಹಣೆ. ಬೆವರಿಗೆ ಒದ್ದೆಯಾದ ಆ ಒಂದು ಹಿಡಿ ಕೂದಲು, ಅಮ್ಮ ಎಷ್ಟು ಎಣ್ಣೆ ಹಚ್ಚಿದರೂ ಬಗ್ಗದ ಕೂದಲು, ಅಷ್ಟು ದೊಡ್ಡದಾಗಿ ನಾನು ಎಂದೂ ನೋಡಿರಲಿಲ್ಲ. ಎಡಕ್ಕೆ ತಿರುಗಿತ್ತು.

ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು ಮೂಡಿದವು. ಎಸ್‌ಯು: ಯೆಸ್. ರಿಟೇನ್.

ಏರ್‌ಪೋರ್ಟಿನಲ್ಲಿ ಬಸಯ್ಯ ಹೇಳದೆ ಬಿಟ್ಟ ಮಾತು ಅದು. ಹನ್ನೊಂದು ವರ್ಷ ದಿನವೂ ಅವನು ಆ ಸುಳಿಯನ್ನು ನೋಡಿದ್ದ. ನೋಡಿ ನಮಸ್ಕಾರ ಮಾಡಿದ್ದ, ಶೀಟು ಕೈಗೆ ಕೊಟ್ಟಿದ್ದ, ನನ್ನನ್ನು ನಂಬಿದ್ದ. ದನಗಳ ಹಣೆಬರಹವನ್ನು ಒಂದೇ ಅಕ್ಷರದಲ್ಲಿ ಬರೆಯದೆ ಬಿಡದವನು ನನ್ನದನ್ನು ಎಲ್ಲೂ ಬರೆಯಲಿಲ್ಲ.

ಆ ಚಿತ್ರವನ್ನು ಅಳಿಸಲು ಹೋದೆ. ಅದಕ್ಕೆ ಡಾಕ್ಟರ ಪಾಸ್‌ವರ್ಡ್ ಬೇಕು. ಆಚೆ ಬೇಲಿಯಲ್ಲಿ ಕುತ್ತಿಗೆಗಳು ಚಾಚಿಕೊಂಡಿದ್ದವು, ಹೋಗಿ ಒಂದೊಂದಕ್ಕೆ ಎರಡೆರಡು ಬೊಗಸೆ ಹಾಕಿದೆ. ಆಮೇಲೆ ಆಫೀಸಿಗೆ ಬಂದು ಹಳೆಯ ಫೈಲಿನಲ್ಲಿ ಈ ವರ್ಷ ಕೆಲಸ ಬಿಟ್ಟು ಹೋದವರ ಪಟ್ಟಿ ತೆಗೆದೆ. ಬಸಯ್ಯನ ಹೆಸರಿನ ಮುಂದೆ ಷರಾ ಕಾಲಂ ಖಾಲಿ ಇತ್ತು. ಅದನ್ನು ತುಂಬಬೇಕಾದವನು ನಾನೇ. ಪೆನ್ನಿನ ಮುಚ್ಚಳ ತೆಗೆದೆ. ಚಲೋ ಇದ್ದದ್ದಕ್ಕೆ ಏನಂತ ಬರೆಯಬೇಕು?